ಅಂಗೈಯಲ್ಲಿ ಬೆಂಗಳೂರು, ಕಣ್ಮರೆಯಲ್ಲಿ ಮಂಡಿಪೇಟೆ: ಫೋನಿನಲ್ಲಿ ಕೆಲಸ ಹುಡುಕುವವರ ಲೆಕ್ಕಾಚಾರ

ದಾವಣಗೆರೆ ಮಂಡಿಪೇಟೆಯ ಸಗಟು ಅಂಗಡಿಯೊಂದರ ಬಾಗಿಲ ಪಕ್ಕದಲ್ಲಿ ಕಳೆದ ತಿಂಗಳು ಒಂದು ರಟ್ಟಿನ ತುಂಡು ನೇತಾಡುತ್ತಿತ್ತು: ‘ಬಿಲ್ ಹಾಕಲು, ಜಿಎಸ್‌ಟಿ ಲೆಕ್ಕ ನೋಡಲು ಹುಡುಗ ಅಥವಾ ಹುಡುಗಿ ಬೇಕಾಗಿದ್ದಾರೆ. ಟ್ಯಾಲಿ ಬರಬೇಕು.’ ಅಲ್ಲಿಂದ ಹತ್ತು ನಿಮಿಷ ನಡೆದರೆ ಸಿಗುವ ಸೈಬರ್ ಸೆಂಟರಿನಲ್ಲಿ, ಜಗಳೂರು ತಾಲ್ಲೂಕಿನ ಹಳ್ಳಿಯಿಂದ ಬಂದಿದ್ದ ಯುವತಿಯೊಬ್ಬರು ಪ್ರಿಂಟ್ ತೆಗೆಸಲು ಸರದಿ ಕಾಯುತ್ತ ತಮ್ಮ ಫೋನಿನಲ್ಲಿ ಕೆಲಸ ಹುಡುಕುತ್ತಿದ್ದರು. ಬಿ.ಕಾಂ. ಮುಗಿಸಿ, ಟ್ಯಾಲಿ ಕಲಿತವರು. ಅವರ ಪರದೆಯ ಮೇಲೆ ಒಂದರ ಹಿಂದೆ ಒಂದರಂತೆ ಬರುತ್ತಿದ್ದ ಊರುಗಳು ಪೀಣ್ಯ, ಬೊಮ್ಮಸಂದ್ರ, ವೈಟ್‌ಫೀಲ್ಡ್. ರಟ್ಟಿನ ವಿಷಯ ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಒಂದೇ ದಿನ ನಾನು ಎರಡನ್ನೂ ಕಂಡದ್ದು ಕೇವಲ ಆಕಸ್ಮಿಕ. ನಾನು ಹೇಳಿ ಕಳುಹಿಸುವಷ್ಟರಲ್ಲಿ ಅಂಗಡಿಯವರು ತಮ್ಮ ಗುಮಾಸ್ತರ ತಂಗಿಯ ಮಗನನ್ನು ಕೆಲಸಕ್ಕೆ ಇಟ್ಟುಕೊಂಡಾಗಿತ್ತು.

ಸ್ಮಾರ್ಟ್‌ಫೋನ್ ಬಂದ ಮೇಲೆ ಕೆಲಸ ಹುಡುಕುವುದು ಸುಲಭವಾಯಿತೇ ಎಂಬ ಪ್ರಶ್ನೆಗೆ ‘ಹೌದು’ ಎಂದು ಉತ್ತರಿಸುವ ಮೊದಲು ಯಾವ ಕೆಲಸ, ಎಲ್ಲಿಯ ಕೆಲಸ ಎಂದು ಕೇಳಬೇಕಾಗುತ್ತದೆ. ದಾವಣಗೆರೆ, ಚಿತ್ರದುರ್ಗದಂಥ ಮಧ್ಯಮ ಗಾತ್ರದ ಊರುಗಳಲ್ಲಿ ಫೋನು 200–260 ಕಿಲೋಮೀಟರ್ ಆಚೆಯ ಕೆಲಸವನ್ನು ಅಂಗೈಗೆ ತಂದುಕೊಡುತ್ತದೆ, ಪಕ್ಕದ ಬೀದಿಯ ಕೆಲಸವನ್ನು ಮಾತ್ರ ತೋರಿಸುವುದಿಲ್ಲ. ಇದು ಯಾರೋ ಬೇಕೆಂದು ಮಾಡಿದ ಕೆಡುಕಲ್ಲ. ಈ ವ್ಯವಸ್ಥೆ ಕಟ್ಟಲ್ಪಟ್ಟ ರೀತಿಯಲ್ಲೇ ಅದರ ಕಾರಣವಿದೆ.

ನೌಕ್ರಿಯಂಥ ಜಾಲತಾಣ 1997ರಿಂದಲೇ ಇದೆ; ಲಿಂಕ್ಡ್‌ಇನ್, ಇಂಡೀಡ್, ಅಪ್ನಾ, ವರ್ಕ್‌ಇಂಡಿಯಾ ಮೊದಲಾದವು ಆಮೇಲೆ ಬಂದವು. ಅಭ್ಯರ್ಥಿಗೆ ಇವು ಬಹುಮಟ್ಟಿಗೆ ಉಚಿತ. ಇವುಗಳ ಮುಖ್ಯ ಆದಾಯ ಬರುವುದು ನೇಮಕ ಮಾಡಿಕೊಳ್ಳುವವರಿಂದ. ಹಾಗಾಗಿ ಒಂದೇ ಸಲಕ್ಕೆ ಐವತ್ತು, ನೂರು ಜನ ಬೇಕಾದ ಕಾಲ್ ಸೆಂಟರುಗಳು, ಗೋದಾಮುಗಳು, ಡೆಲಿವರಿ ಮತ್ತು ಸಾಲ ವಸೂಲಾತಿಯ ಕಂಪನಿಗಳು ಪರದೆಯ ಮೇಲ್ಭಾಗವನ್ನು ಆಕ್ರಮಿಸುತ್ತವೆ. ವರ್ಷಕ್ಕೊಮ್ಮೆ ಒಬ್ಬ ಗುಮಾಸ್ತ ಬೇಕಾಗುವ ಅಕ್ಕಿ ಗಿರಣಿಯ ಮಾಲೀಕರು ಅಲ್ಲಿಗೆ ಯಾಕೆ ಹೋಗುತ್ತಾರೆ? ‘ಯಾರಾದ್ರೂ ಗೊತ್ತಿರೋರು ಇದ್ರೆ ಕಳ್ಸಿ’ ಎಂದು ನಾಲ್ಕು ಜನರಿಗೆ ಹೇಳಿದರೆ ಅವರ ಕೆಲಸ ಮುಗಿಯಿತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಹತ್ತಿ ಗಿರಣಿಗಳ ಕಾಲ ಮುಗಿದಿದೆ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿದೆ. ಈಗ ಇಲ್ಲಿ ಕೆಲಸ ಕೊಡುವವರೆಂದರೆ ಹೆಚ್ಚಾಗಿ ಭತ್ತ, ಮೆಕ್ಕೆಜೋಳ, ಅಡಿಕೆಯ ವ್ಯಾಪಾರಸ್ಥರು, ಬಟ್ಟೆ ಅಂಗಡಿಗಳು, ನರ್ಸಿಂಗ್ ಹೋಮುಗಳು, ಖಾಸಗಿ ಶಾಲೆ ಕಾಲೇಜುಗಳು, ಗ್ಯಾರೇಜುಗಳು, ಸಹಕಾರಿ ಸಂಘಗಳು. ಚಳ್ಳಕೆರೆಗೆ ಹೋದರೆ ಶೇಂಗಾ ಎಣ್ಣೆ ಗಿರಣಿಗಳು, ಮೊಳಕಾಲ್ಮುರಿಗೆ ಹೋದರೆ ರೇಷ್ಮೆ ಸೀರೆಯ ಮಗ್ಗಗಳು. ಇವುಗಳಲ್ಲಿ ಬಹುಪಾಲು ಹತ್ತಕ್ಕಿಂತ ಕಡಿಮೆ ಜನರಿರುವ ಜಾಗಗಳು, ಯಾವ ಆ್ಯಪ್‌ನ ಕಣ್ಣಿಗೂ ಬೀಳದಂಥವು.

ಇದಕ್ಕೆ ಒಂದು ವಿಚಿತ್ರ ತೊಡಕೂ ಸೇರಿಕೊಂಡಿದೆ. ದಾವಣಗೆರೆಯ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ರೀತಿ ಬರೆಯುತ್ತಾರೆ: ಜಿಲ್ಲಾಡಳಿತದ ಬರಹದಲ್ಲಿ ‘ವ’ ಮತ್ತು ‘ಣ’ ಎರಡರ ಮುಂದೆಯೂ ‘ಎ’ ಇರುತ್ತದೆ, 2009ರಲ್ಲಿ ಆರಂಭವಾದ ಇಲ್ಲಿನ ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ‘ಣ’ದ ಮುಂದಿನದು ಇರುವುದಿಲ್ಲ. ಮನುಷ್ಯರಿಗೆ ಇದು ಗಮನಕ್ಕೂ ಬರದ ವ್ಯತ್ಯಾಸ. ಆದರೆ ಊರಿನ ಹೆಸರು ಹಾಕಿ ಸೋಸುವ ಕೆಲವು ತಂತ್ರಾಂಶಗಳಿಗೆ ಇವೆರಡು ಬೇರೆ ಬೇರೆ ಊರುಗಳಾಗಿಬಿಡಬಹುದು. ಇಲ್ಲಿಯೇ ಕೆಲಸ ಹುಡುಕುವವರು ಎರಡೂ ರೂಪಗಳನ್ನು ಹಾಕಿ ನೋಡುವುದು ಒಳ್ಳೆಯದು. ನಾನು ಹಾಗೆ ನೋಡಿದಾಗ ಫಲಿತಾಂಶದ ಪಟ್ಟಿ ಒಂದೇ ಆಗಿರಲಿಲ್ಲ.

ಬಾಯಿಮಾತಿನ ನೇಮಕವನ್ನು ಹಳೆಯ ಕಾಲದ ಸೊಗಸೆಂದು ಹೊಗಳುವವರಿದ್ದಾರೆ. ಅದು ಬೇಗ ಆಗುತ್ತದೆ, ಖರ್ಚಿಲ್ಲ, ನಂಬಿಕೆಗೆ ಒಬ್ಬ ಜಾಮೀನುದಾರನಿರುತ್ತಾನೆ ಎಂಬುದೆಲ್ಲ ನಿಜ. ಆದರೆ ಆ ಮಾತು ಎಲ್ಲರ ಕಿವಿಗೂ ಬೀಳುವುದಿಲ್ಲ ಎಂಬುದೂ ಅಷ್ಟೇ ನಿಜ. ಅದು ನೆಂಟಸ್ತಿಕೆಯ, ಜಾತಿಯ, ಓಣಿಯ ಜಾಡಿನಲ್ಲೇ ಹರಿಯುತ್ತದೆ. ಮಂಡಿಪೇಟೆಯಲ್ಲಿ ಪರಿಚಯವಿಲ್ಲದ, ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದ ಹುಡುಗಿಗೆ ಊರಿನ ಕೆಲಸದ ಸುದ್ದಿ ತಲುಪಬೇಕಾದರೆ ಅದು ಫೋನಿನಲ್ಲೇ ಬರಬೇಕು. ಫೋನಿನಲ್ಲಿ ಅದು ಇಲ್ಲ. ಹೀಗಾಗಿ ಯಾರಿಗೆ ಈ ಸಾಧನ ಅತ್ಯಂತ ಅಗತ್ಯವೋ ಅವರಿಗೇ ಅದು ‘ಊರು ಬಿಡು’ ಎಂಬ ಒಂದೇ ಉತ್ತರವನ್ನು ಕೊಡುತ್ತಿದೆ.

ಫೋನಿನಿಂದ ಆಗಿರುವ ಉಪಕಾರವನ್ನೂ ಹೇಳಲೇಬೇಕು. ತುಮಕೂರು ಮತ್ತು ದಾವಣಗೆರೆ ನಡುವಿನ ನೇರ ರೈಲು ಮಾರ್ಗದ ಕಾಮಗಾರಿ ವರ್ಷಗಳಿಂದ ಎಳೆಯುತ್ತಲೇ ಬಂದಿದ್ದು, ದಾವಣಗೆರೆಯಿಂದ ಬೆಂಗಳೂರಿಗೆ ಹೊರಡುವ ರೈಲು ಚಿಕ್ಕಜಾಜೂರು, ಬೀರೂರು, ಅರಸೀಕೆರೆಗಳನ್ನು ಸುತ್ತಿಯೇ ಹೋಗಬೇಕಾಗಿದೆ. ಹಿಂದೆ ಒಂದು ಸಂದರ್ಶನವೆಂದರೆ ರಾತ್ರಿ ಬಸ್ಸು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು ಇಸ್ತ್ರಿ ಮಾಡಿದ ಅಂಗಿ ಬದಲಿಸುವುದು, ಹತ್ತು ನಿಮಿಷದ ಮಾತು, ಮತ್ತೆ ವಾಪಸ್ ಬಸ್ಸು. ಈಗ ಮೊದಲ ಸುತ್ತು ಬಹುತೇಕ ಫೋನಿನಲ್ಲೇ ಮುಗಿಯುವುದರಿಂದ, ಆಯ್ಕೆಯಾಗುವ ಸಾಧ್ಯತೆ ಇಲ್ಲದ ಕಡೆಗೆ ಪ್ರಯಾಣ ಮಾಡಿ ಹಣ ಕಳೆದುಕೊಳ್ಳುವುದು ತಪ್ಪಿದೆ. ಕೂಲಿ ಮಾಡಿ ಓದಿಸಿದ ಮನೆಗಳಿಗೆ ಇದು ಸಣ್ಣ ಉಳಿತಾಯವಲ್ಲ.

ಆದರೆ ಈ ಅನುಕೂಲದ ಜೊತೆಯಲ್ಲೇ, ಹಿಂದೆ ಬೇರೆಯವರು ಮಾಡುತ್ತಿದ್ದ ಕೆಲಸವೆಲ್ಲ ಅಭ್ಯರ್ಥಿಯ ಹೆಗಲಿಗೆ ಬಿದ್ದಿದೆ. ಸೈಬರ್ ಸೆಂಟರಿನಲ್ಲಿ ಕಂಡ ಆ ಯುವತಿಯ ಫೋನನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅವರ ಒಪ್ಪಿಗೆ ಪಡೆದೇ ಅದನ್ನು ನೋಡಿದೆ. ಅವರ ಬಯೋಡೇಟಾ ಗ್ಯಾಲರಿಯಲ್ಲಿ ಮದುವೆಯ ಫೋಟೋಗಳ ನಡುವೆ ಒಂದು ಚಿತ್ರವಾಗಿ ಕುಳಿತಿತ್ತು. ಯಾರೋ ಕಾಗದದ ಮೇಲೆ ಟೈಪ್ ಮಾಡಿಕೊಟ್ಟದ್ದನ್ನು ಫೋನಿನಿಂದ ಸ್ಕ್ಯಾನ್ ಮಾಡಿ, ಅದನ್ನೇ ಪಿಡಿಎಫ್ ಮಾಡಿ, ಸುಮಾರು ನಲವತ್ತು ಕಡೆಗೆ ಕಳುಹಿಸಿದ್ದರು. ಒಂದೇ ಒಂದು ಕಡೆಯಿಂದಲೂ ಉತ್ತರ ಬಂದಿರಲಿಲ್ಲ. ತಮ್ಮ ಓದಿನಲ್ಲೇ ಏನೋ ಕೊರತೆಯಿದೆ ಎಂದು ಅವರು ತೀರ್ಮಾನಿಸಿದ್ದರು.

ಕೊರತೆ ಓದಿನಲ್ಲಿ ಇರಲಿಲ್ಲ ಎಂದೇ ನನ್ನ ಅಂದಾಜು. ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಓದುವುದು ಮನುಷ್ಯರಲ್ಲ, ಅರ್ಜಿಗಳನ್ನು ಜಾಲಾಡುವ ತಂತ್ರಾಂಶ. ಅದು ಹುದ್ದೆಯ ವಿವರದಲ್ಲಿರುವ ಪದಗಳನ್ನು ಅರ್ಜಿಯಲ್ಲಿ ಹುಡುಕುತ್ತದೆ. ಸ್ಕ್ಯಾನ್ ಮಾಡಿದ ಪುಟ ನಮ್ಮ ಕಣ್ಣಿಗೆ ಅಕ್ಷರವಾಗಿ ಕಂಡರೂ ಅಂಥ ಅನೇಕ ತಂತ್ರಾಂಶಗಳಿಗೆ ಅದು ಬರಿಯ ಚಿತ್ರ, ಅಂದರೆ ಖಾಲಿ ಹಾಳೆ. ಎರಡು ಕಾಲಂ, ಚೌಕಟ್ಟು, ಬಣ್ಣದ ಪಟ್ಟಿಗಳಿರುವ ‘ಚೆಂದದ’ ನಮೂನೆಗಳಲ್ಲಿ ಸಾಲುಗಳು ಒಂದರೊಳಗೊಂದು ಬೆರೆತು ಹೋಗುತ್ತವೆ. ಕನ್ನಡದಲ್ಲಿ ಬಯೋಡೇಟಾ ಕೇಳುವ ಶಾಲೆ, ಪತ್ರಿಕೆ, ಸಂಘಸಂಸ್ಥೆಗಳಿಗೆ ಕಳುಹಿಸುವವರ ಕಷ್ಟ ಇನ್ನೊಂದು ಬಗೆಯದು: ಎಲ್ಲ ಫೋನುಗಳಲ್ಲೂ ತೆರೆಯುವ ಯೂನಿಕೋಡ್ ಪದ್ಧತಿಯದಲ್ಲದ ಹಳೆಯ ‘ನುಡಿ’ ಫಾಂಟಿನಲ್ಲಿ ಟೈಪ್ ಮಾಡಿಸಿದ ಕಡತ, ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಹಲವು ಡಿಟಿಪಿ ಅಂಗಡಿಗಳು ಇಂದಿಗೂ ಹಳೆಯ ಪದ್ಧತಿಯಲ್ಲೇ ಟೈಪ್ ಮಾಡುತ್ತಿರುವುದರಿಂದ, ‘ಯೂನಿಕೋಡ್‌ನಲ್ಲಿ ಕೊಡಿ’ ಎಂದು ಬಾಯಿಬಿಟ್ಟು ಕೇಳುವುದು ಅಗತ್ಯ.

ಹೆಸರಿನ ಗೋಜಲು ಇನ್ನೂ ಹಳೆಯದು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್ ಇರುತ್ತವೆ. ಆಧಾರ್‌ನಲ್ಲಿ ಆ ಇನಿಷಿಯಲ್‌ಗಳು ಬಿಡಿಸಿಕೊಂಡು ತಂದೆಯ ಹೆಸರೂ ಊರಿನ ಹೆಸರೂ ಆಗಿರುತ್ತವೆ, ಪಾನ್ ಕಾರ್ಡಿನಲ್ಲಿ ಮೂರನೆಯ ರೂಪವೇ ಇರುತ್ತದೆ. ಕಚೇರಿಯ ಗುಮಾಸ್ತರು ಕಣ್ಣಲ್ಲಿ ನೋಡಿ ‘ಸರಿ’ ಎನ್ನುತ್ತಿದ್ದ ಈ ವ್ಯತ್ಯಾಸವನ್ನು ಆನ್‌ಲೈನ್ ಪರಿಶೀಲನೆ ಒಪ್ಪುವುದಿಲ್ಲ. 2015ರಲ್ಲಿ ಬಂದ ಡಿಜಿಲಾಕರ್‌ನಿಂದ ಅಂಕಪಟ್ಟಿಗಳನ್ನು ಫೋನಿನಲ್ಲೇ ಪಡೆಯುವ ಅನುಕೂಲವಿದೆಯಾದರೂ, ಅಲ್ಲಿಯೂ ಹೆಸರು ತಾಳೆಯಾಗದಿದ್ದರೆ ಮುಂದಿನ ಮೆಟ್ಟಿಲಿಗೆ ಕಾಲಿಡುವಂತಿಲ್ಲ.

ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು ಮೊಬೈಲ್ ಸಂಖ್ಯೆಯದು. ನೋಂದಣಿ, ಪಾಸ್‌ವರ್ಡ್, ಸಂದರ್ಶನದ ಕರೆ ಎಲ್ಲವೂ ಆ ಹತ್ತು ಅಂಕಿಗಳಿಗೆ ಗಂಟುಬಿದ್ದಿವೆ. 2024ರ ಜುಲೈನಲ್ಲಿ ಪ್ರಮುಖ ಖಾಸಗಿ ಕಂಪನಿಗಳು ದರ ಏರಿಸಿದ ಮೇಲೆ, ಕೆಲಸವಿಲ್ಲದ ತಿಂಗಳುಗಳಲ್ಲಿ ರೀಚಾರ್ಜ್ ಬಿಡುವುದು, ಅಗ್ಗದ ಬೇರೆ ಸಿಮ್ ತೆಗೆದುಕೊಳ್ಳುವುದು ಹಳ್ಳಿಗಳಲ್ಲಿ ಸಾಮಾನ್ಯ. ನಿಷ್ಕ್ರಿಯಗೊಂಡ ಸಂಖ್ಯೆಯನ್ನು ಕನಿಷ್ಠ 90 ದಿನಗಳ ನಂತರ ಇನ್ನೊಬ್ಬರಿಗೆ ಕೊಡಬಹುದು ಎಂಬುದು ಟೆಲಿಕಾಂ ನಿಯಮ. ಆಮೇಲೆ ನಿಮ್ಮ ಒಟಿಪಿ ಇನ್ಯಾರದೋ ಜೇಬಿಗೆ ಹೋಗುತ್ತದೆ. ಸೈಬರ್ ಸೆಂಟರಿನವರು ಅವಸರದಲ್ಲಿ ತಮ್ಮದೇ ಇಮೇಲ್ ಹಾಕಿ ಅರ್ಜಿ ತುಂಬಿಕೊಡುವುದೂ ಇದೇ ಜಾತಿಯ ಅಪಾಯ. ಪ್ರವೇಶ ಪತ್ರ ಬಂದ ಸುದ್ದಿ ಅವರ ಇನ್‌ಬಾಕ್ಸಿನಲ್ಲಿ, ಸಾವಿರ ಪತ್ರಗಳ ಅಡಿಯಲ್ಲಿ ಮಲಗಿರುತ್ತದೆ.

ಇನ್ನು ಕರೆ ಬಂದರೂ ಎತ್ತುವವರು ಯಾರು? ಬೆಂಗಳೂರಿನ ಕಚೇರಿಯಿಂದ 080ರಿಂದ ಆರಂಭವಾಗುವ ಸಂಖ್ಯೆ ಪರದೆಯಲ್ಲಿ ಮೂಡಿದರೆ ಸಾಲ ಮಾರುವವರೆಂದು ಕತ್ತರಿಸುವುದು ನಮಗೆಲ್ಲ ಅಭ್ಯಾಸವಾಗಿದೆ. ಹೆಣ್ಣುಮಕ್ಕಳ ವಿಷಯದಲ್ಲಿ ಆ ಫೋನು ಅಣ್ಣನದೋ ಅಪ್ಪನದೋ ಆಗಿರುವ ಸಂಭವವೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಹೊಂದಿದ್ದ ಮಹಿಳೆಯರು ಸುಮಾರು ಶೇ 54. ಇಂಟರ್ನೆಟ್ ಒಮ್ಮೆಯಾದರೂ ಬಳಸಿದವರು ಮಹಿಳೆಯರಲ್ಲಿ ಶೇ 33, ಪುರುಷರಲ್ಲಿ ಶೇ 57. ಆಮೇಲೆ ಪರಿಸ್ಥಿತಿ ಸುಧಾರಿಸಿರಬಹುದು. ಆದರೂ ‘ಅವಳು ಹೊಲಕ್ಕೆ ಹೋಗಿದಾಳೆ, ಸಂಜೆ ಮಾಡಿ’ ಎಂದು ತಂದೆ ಹೇಳಿದ ಕರೆಯನ್ನು ಸಂಜೆ ಮತ್ತೆ ಮಾಡುವಷ್ಟು ವ್ಯವಧಾನ ಯಾವ ನೇಮಕಾತಿ ಏಜೆನ್ಸಿಗೂ ಇರುವುದಿಲ್ಲ.

ಈ ಕಾಯುವಿಕೆಯ ಮೇಲೆಯೇ ವಂಚಕರ ವ್ಯವಹಾರ ನಿಂತಿದೆ. ಅವರ ವಿಧಾನ ಸರಳ: ವಾಟ್ಸ್‌ಆ್ಯಪ್‌ನಲ್ಲಿ ಹೆಸರಾಂತ ಕಂಪನಿಯ ಲಾಂಛನವಿರುವ ನೇಮಕಾತಿ ಪತ್ರ, ಸಂದರ್ಶನವಿಲ್ಲದೆ ಆಯ್ಕೆ, ಕೊನೆಯಲ್ಲಿ ಸಮವಸ್ತ್ರಕ್ಕೋ ಲ್ಯಾಪ್‌ಟಾಪಿಗೋ ‘ಮರಳಿ ಕೊಡಲಾಗುವ’ ಒಂದೆರಡು ಸಾವಿರ ರೂಪಾಯಿ ಠೇವಣಿ. ಮೊತ್ತ ಚಿಕ್ಕದಾಗಿರುವುದೇ ಅದರ ಜಾಣತನ, ಏಕೆಂದರೆ ಅಷ್ಟಕ್ಕೆ ಯಾರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ವಿಡಿಯೊಗೆ ಲೈಕ್ ಒತ್ತಿದರೆ ಹಣ ಎಂದು ಮೊದಲ ಎರಡು ದಿನ ನಿಜವಾಗಿ ಹಣ ಹಾಕಿ, ಮೂರನೆಯ ದಿನ ‘ಹೂಡಿಕೆ’ ಕೇಳುವವರದು ಇನ್ನೊಂದು ಬಗೆ. ಕೆಲಸ ಕೊಡುವವರು ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ ಎಂಬ ಒಂದು ಅಳತೆಗೋಲಿನಿಂದಲೇ ಬಹುಪಾಲು ವಂಚನೆಯನ್ನು ಗುರುತಿಸಬಹುದು. ಹಣ ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಅದನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಅವಕಾಶವಿರುತ್ತದೆ. ತಡವಾದಷ್ಟೂ ಅವಕಾಶ ಕಡಿಮೆ. ಹಣ ಹೋಗದಿದ್ದರೂ ಅನುಮಾನದ ಕರೆ, ಸಂದೇಶಗಳನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ 2024ರಿಂದ ಇರುವ ‘ಚಕ್ಷು’ ವಿಭಾಗದಲ್ಲಿ ತಿಳಿಸಬಹುದು. ವಿದೇಶದ ಕೆಲಸವಾದರೆ ಏಜೆಂಟರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತರೇ ಎಂದು ನೋಡದೆ ಪಾಸ್‌ಪೋರ್ಟ್ ಕೊಡಬಾರದು. ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ತೆರಿಗೆಯ ಮಿತಿ ಇದೆ.

ಸರ್ಕಾರದ ಕಡೆಯಿಂದ ಏನೂ ಇಲ್ಲವೆಂದಲ್ಲ. 2015ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ವೃತ್ತಿ ಸೇವೆ ಅಂದರೆ ಎನ್‌ಸಿಎಸ್ ತಾಣದಲ್ಲಿ ಹುದ್ದೆಗಳ ಪಟ್ಟಿಯ ಜೊತೆ ವೃತ್ತಿ ಮಾರ್ಗದರ್ಶನವೂ ಉಚಿತ, ಸಹಾಯವಾಣಿ 1514. ರಾಜ್ಯದ್ದೇ ಆದ ಸ್ಕಿಲ್ ಕನೆಕ್ಟ್ ತಾಣವಿದೆ. ಪದವಿ, ಡಿಪ್ಲೊಮಾ ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ ಯುವನಿಧಿಯಡಿ ತಿಂಗಳಿಗೆ ಕ್ರಮವಾಗಿ 3,000 ಮತ್ತು 1,500 ರೂಪಾಯಿ, ಗರಿಷ್ಠ ಎರಡು ವರ್ಷ ಸಿಗುತ್ತದೆ. 2024ರ ಜನವರಿಯಲ್ಲಿ ಪಕ್ಕದ ಶಿವಮೊಗ್ಗದಲ್ಲೇ ಅದರ ಹಣ ಪಾವತಿಗೆ ಚಾಲನೆ ಸಿಕ್ಕಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 21ರಿಂದ 24 ವಯಸ್ಸಿನವರಿಗೆ ತಿಂಗಳಿಗೆ 5,000 ರೂಪಾಯಿ ನಿಗದಿ ಮಾಡಿತು. ಒಂದೊಂದಕ್ಕೂ ಒಂದೊಂದು ತಾಣ, ಒಂದೊಂದು ಪಾಸ್‌ವರ್ಡ್, ಒಂದೊಂದು ಅಳತೆಯ ಫೋಟೋ. ಐದು ಅಂಗುಲದ ಪರದೆಯಲ್ಲಿ ಇಷ್ಟನ್ನು ನಿಭಾಯಿಸಬಲ್ಲವರಿಗೆ ನಿಜಕ್ಕೂ ಒಂದು ಕೆಲಸ ಕೊಡಬಹುದು.

ಕೊರತೆಯಿರುವುದು ಮಾಹಿತಿಗಲ್ಲ, ಪಕ್ಕದಲ್ಲಿ ಕುಳಿತು ಕೇಳುವ ಒಬ್ಬ ಮನುಷ್ಯನಿಗೆ. ವೃತ್ತಿ ಮಾರ್ಗದರ್ಶನವೆಂದರೆ ‘ಗುರಿ ಇರಲಿ, ಛಲ ಇರಲಿ’ ಎಂಬ ಭಾಷಣವಲ್ಲ; ಅಭ್ಯರ್ಥಿ ಈಗಾಗಲೇ ಮಾಡುತ್ತಿರುವ ಕೆಲಸವನ್ನು ಕೆಲಸವೆಂದು ಗುರುತಿಸಿ ಹೆಸರಿಡುವುದು. ಅದೇ ಯುವತಿಯನ್ನು ‘ಮನೆಯಲ್ಲಿ ಏನು ಮಾಡ್ತಿದೀಯಮ್ಮ?’ ಎಂದು ಕೇಳಿದೆ. ‘ಏನಿಲ್ಲ ಸರ್, ಸುಮ್ನೆ ಮನೇಲಿದೀನಿ’ ಎಂದರು. ಎರಡು ಪ್ರಶ್ನೆ ಮುಂದೆ ಹೋದ ಮೇಲೆ ತಿಳಿದದ್ದು: ಅವರ ತಾಯಿಯ ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್, ಸಾಲ, ಬಡ್ಡಿ, ಕಂತಿನ ಲೆಕ್ಕವನ್ನೆಲ್ಲ ಎರಡು ವರ್ಷದಿಂದ ಬರೆಯುತ್ತಿರುವುದು ಇವರೇ. ಬಯೋಡೇಟಾದಲ್ಲಿ ಅದರ ಒಂದು ಸಾಲೂ ಇರಲಿಲ್ಲ. ಬದಲಿಗೆ ‘ಹವ್ಯಾಸ: ಹಾಡು ಕೇಳುವುದು’ ಎಂದಿತ್ತು. ಎಪಿಎಂಸಿಯಲ್ಲಿ ಮಾವನ ಜೊತೆ ತೂಕ, ತೇವಾಂಶ ನೋಡುವ ಹುಡುಗನಿಗೂ ಅದು ಗೋದಾಮಿನ ಕೆಲಸಕ್ಕೆ ಬೇಕಾದ ಅನುಭವವೆಂದು ಯಾರೂ ಹೇಳಿರುವುದಿಲ್ಲ. ಈಗ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಅರೆನಿಮಿಷದಲ್ಲಿ ಬಯೋಡೇಟಾ ಬರೆದುಕೊಡುತ್ತವೆ. ನೀವು ಹೇಳಿದ್ದನ್ನು ಅವು ಚೆನ್ನಾಗಿಯೇ ಬರೆಯುತ್ತವೆ, ಹೇಳಬಹುದು ಎಂದೇ ನಿಮಗೆ ತೋಚದ್ದನ್ನು ಅವಾಗಿಯೇ ಕೆದಕುವುದು ಅಪರೂಪ.

ಅಂಥ ಮನುಷ್ಯರನ್ನು ಹೊಸದಾಗಿ ಸೃಷ್ಟಿಸಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿದ್ದು, ಅನೇಕ ಕಡೆ ಕಂಪ್ಯೂಟರ್ ಇದೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ದಿನವೂ ಬಂದು ಕೂರುತ್ತಾರೆ. ಅಲ್ಲಿನ ಮೇಲ್ವಿಚಾರಕರಿಗೆ ಅಕ್ಷರವಿರುವ ಪಿಡಿಎಫ್ ಮಾಡುವುದು, ಹೆಸರಿನ ತಿದ್ದುಪಡಿಯ ದಾರಿ, ಎನ್‌ಸಿಎಸ್ ನೋಂದಣಿ ಇಷ್ಟನ್ನು ಕಲಿಸಿ, ಅದಕ್ಕಾಗಿ ಗೌರವಧನದಲ್ಲಿ ಏನಾದರೂ ಸೇರಿಸಿದರೆ ಜಗಳೂರಿನಿಂದ ಒಂದು ದಿನದ ಪ್ರಯಾಣ ಉಳಿಯುತ್ತದೆ. ಗೌರವಧನವಿಲ್ಲದೆ ಕೆಲಸ ಮಾತ್ರ ಹೊರಿಸುವುದಾದರೆ ಈ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ.

ಊರಿನ ಕೆಲಸ ಫೋನಿಗೆ ಬಾರದಿರುವ ಸಮಸ್ಯೆ ಇದಕ್ಕಿಂತ ಗಟ್ಟಿ. ರಟ್ಟು ತೂಗುಹಾಕಿದ್ದ ಅಂಗಡಿಯ ಮಾಲೀಕರನ್ನು ‘ಆ್ಯಪ್‌ನಲ್ಲಿ ಯಾಕೆ ಹಾಕಲಿಲ್ಲ?’ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಯೋಚಿಸುವಂಥದ್ದು: ‘ಹೋದ್ ಸಲ ಹಾಕಿದ್ದೆ ಸರ್. ಎಲ್ಲೆಲ್ಲಿಂದಾನೋ ಫೋನು. ವ್ಯಾಪಾರ ನೋಡ್ಲೋ, ಫೋನ್ ಎತ್ಲೋ? ನಂಬರ್ ತೆಗೆದ್ರೂ ಮೂರು ತಿಂಗ್ಳು ಬರ್ತಾನೇ ಇದ್ವು.’ ಅವರಿಗೆ ಬೇಕಾದದ್ದು ಮುನ್ನೂರು ಅರ್ಜಿಯಲ್ಲ, ಟ್ಯಾಲಿ ಬಲ್ಲ ಮೂವರು.

ಆ ಮೂವರನ್ನು ಆರಿಸಿ ಕಳುಹಿಸುವ ಕಚೇರಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯ ಮೂಲ ಕೆಲಸವೇ ಅದು: ಅಭ್ಯರ್ಥಿಗಳ ಹೆಸರು ನೋಂದಾಯಿಸಿಕೊಂಡು, ಹುದ್ದೆ ಖಾಲಿಯಿರುವವರು ತಿಳಿಸಿದಾಗ ಅರ್ಹರ ಪಟ್ಟಿ ಮಾಡಿ ಕಳುಹಿಸುವುದು. 1959ರ ಕಾಯ್ದೆ ಖಾಲಿ ಹುದ್ದೆಗಳನ್ನು ಆ ಕಚೇರಿಗೆ ತಿಳಿಸುವುದನ್ನು ಕಡ್ಡಾಯ ಮಾಡಿತಾದರೂ, ಖಾಸಗಿ ವಲಯದಲ್ಲಿ 25 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಮಾತ್ರ ಅದನ್ನು ಅನ್ವಯಿಸಿತು. ಅಲ್ಲಿಂದಲೇ ನೇಮಿಸಿಕೊಳ್ಳಬೇಕೆಂಬ ಕಟ್ಟಳೆಯೂ ಇರಲಿಲ್ಲ. ಹೀಗಾಗಿ ಮಂಡಿಪೇಟೆಯಂಥ ಪೇಟೆಗಳು ಆಗಲೂ ಆ ಪಟ್ಟಿಯ ಹೊರಗೇ ಇದ್ದವು. ಅಂಗಡಿಯವರ ಮೊಬೈಲ್ ಸಂಖ್ಯೆಯನ್ನು ಬಯಲಿಗೆ ಹಾಕದೆ, ಹುದ್ದೆಯ ವಿವರವನ್ನಷ್ಟೇ ಕನ್ನಡದಲ್ಲಿ ಪ್ರಕಟಿಸಿ, ಬಂದ ಅರ್ಜಿಗಳಲ್ಲಿ ಮೂವರನ್ನು ಆಯ್ದು ಕಳುಹಿಸುವ ಒಂದು ಮೇಜು ಆ ಕಚೇರಿಯಲ್ಲಿದ್ದರೆ, ಅದನ್ನು ಬಳಸುತ್ತೀರಾ ಎಂದು ಮಾಲೀಕರನ್ನು ಕೇಳಿದೆ. ‘ಎರಡು ದಿನದಾಗೆ ಕಳ್ಸಂಗಿದ್ರೆ ಆಯ್ತು ಸರ್,’ ಎಂದರು ಅವರು, ‘ಮೂರನೇ ದಿನಕ್ಕೆ ನಮ್ ಗುಮಾಸ್ತ ಯಾರ್ನಾದ್ರೂ ಕರ್ಕಂಡ್ ಬಂದಿರ್ತಾನೆ.’